ನಮ್ದೊಂದು ದೇಶ, ಅಪ್ಪಯ್ಯಂದೊಂದು ದೇಶ

ಮೊದಲು ಒಂದು ಒಗಟು. ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ಊಟಕ್ಕೆ ಕೂರುತ್ತಾರೆ, ಉಣ್ಣುವುದಿಲ್ಲ. ಬೈಯುತ್ತಾರೆ, ಹೊಡೆಯಲಿಕ್ಕೆ ಆಗುವುದಿಲ್ಲ. ಹಿಂದೆ ಉಪ್ಪಿನಕಾಯಿ ಭರಣಿ ಇಡದಿದ್ದರೆ ಅಡ್ಡ ಬೀಳುತ್ತಾರೆ. ಯಾರು?

ಮೊಬೈಲ್ ಅಂದಿರಾ? ತಪ್ಪು. ನಮ್ಮ ಅಮ್ಮ ಒಂದು ದಿನವೂ "ಮೊಬೈಲ್ ಬಿತ್ತ್" ಅಂದವಳಲ್ಲ. "ಅಯ್ಯೋ, ನಿನ್ನ ಅಪ್ಪಯ್ಯ ಬಿದ್ರ್, ಎತ್ತ್ ಮಾಣಿ" ಅಂತಲೇ ಅನ್ನುವುದು.

ಅಪ್ಪಯ್ಯ ಕುವೈತಿನಲ್ಲಿ ಟೈಲ್ಸ್ ಹಾಕುವ ಕೆಲಸದವರು. ನಾನು, ಅಮ್ಮ ಸಾಸ್ತಾನದಲ್ಲಿ. ನಾನು ಹತ್ತನೇ ಕ್ಲಾಸಿನ ಗಣಿತದಲ್ಲಿ ಬಿದ್ದವನು, ನನ್ನ ಹಿಂದೆ ಯಾರೂ ಭರಣಿ ಇಡಲಿಲ್ಲ. ಈಗ ದಿನಾ ಬ್ರಹ್ಮಾವರಕ್ಕೆ ಟ್ಯೂಶನ್ನಿಗೆ ಹೋಗುತ್ತೇನೆ ಅಂತ ಅಮ್ಮ ತಿಳಿದಿದ್ದಾಳೆ. ಇಂಥ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗದ ವಾರವೇ ಇಲ್ಲ. ಈ ಸಲ ಮಾತ್ರ ಸಾಲಾಗಿ ಆದವು. ಅಪ್ಪಯ್ಯನ ಕರಾರು ಮುಗಿಯುತ್ತ ಬಂದಿತ್ತು. ಇನ್ನೆರಡು ವರ್ಷಕ್ಕೆ ಸಹಿ ಹಾಕುವುದೋ, ಊರಿಗೆ ಬರುವುದೋ, ತಿಂಗಳೊಳಗೆ ಹೇಳಬೇಕು.

"ಊರಂಗೆ ಎಂತ ಇತ್ತ್ ಮಾಣಿ?" ಅಂತ ಅಪ್ಪಯ್ಯ ಫೋನಿನಲ್ಲಿ ಕೇಳಿದರು.

ಊರಲ್ಲಿ ಎಂತ ಇದೆ ಅಂತ ತೋರಿಸಿ ಅವರನ್ನು ಬರಿಸಿಯೇ ಬಿಡುವ ಅಂತ ನಾನು ಹೊರಟೆ.

ರಸ್ತೆ

"ಇಲ್ಲಿ ತುಂಬಿದ ಚಾ ಗ್ಲಾಸ್ ಹಿಡ್ಕಂಡ್ ಕಾರಂಗೆ ಹೋಯ್ಲಕ್, ಒಂದ್ ಹನಿ ಚೆಲ್ಲುದಿಲ್ಲೆ" ಅಂದಿದ್ದರು ಅಪ್ಪಯ್ಯ. ಶುಕ್ರವಾರ, ಅವರಿಗೆ ರಜೆ. ನಾನು ಕುಂದಾಪುರದ ಬಸ್ಸು ಹತ್ತಿ ಹಿಂದಿನ ಬಾಗಿಲಲ್ಲಿ ನಿಂತು ವಿಡಿಯೋ ಕಾಲ್ ಮಾಡಿದೆ. "ಕಾಣಿ ಅಪ್ಪಯ್ಯ, ನಮ್ಮ ಹೈವೇ!" ಅನ್ನುವಾಗಲೇ ಡ್ರೈವರ್ ಬ್ರೇಕ್ ಒತ್ತಿದ. ಫೋನು ಹಾರಿ ಪಕ್ಕದ ಮೀನಿನ ಹೆಂಗಸಿನ ಬುಟ್ಟಿಗೆ ಬಿತ್ತು. ಬಗ್ಗಿ ನೋಡಿದರೆ ಬಂಗುಡೆಯೂ ಅಪ್ಪಯ್ಯನೂ ಎದುರೆದುರು.

"ತೆಗಿಬೇಡ ಮಾಣಿ!" ಅಂದರು ಅಪ್ಪಯ್ಯ. "ಕಣ್ಣ್ ಕೆಂಪ್ ಆಯ್ಲಿಲ್ಲೆ, ತಾಜಾ ಇತ್ತ್. ಕಿವಿರು ಎತ್ತಿ ತೋರ್ಸುಕೆ ಹೇಳ್."

ಆ ಹೆಂಗಸು ಎತ್ತಿ ತೋರಿಸಿದರು. ಕೋಟೇಶ್ವರ ದಾಟಿದರೂ ಅಪ್ಪಯ್ಯ ನೋಡುತ್ತಲೇ ಇದ್ದರು. ಅಲ್ಲಿ ಸಿಗುವುದು ಐಸಿನ ಮೀನು ಅಂತೆ.

"ಹ್ವಾಯ್, ನಿನ್ನ ಅಪ್ಪಯ್ಯ ತಕಂತ್ರಾ, ಬರೀ ಕಾಂಬುದಾ?" ಅಂದರು ಆ ಹೆಂಗಸು.

ಐದು ವರ್ಷದಲ್ಲಿ ನನ್ನ ಮುಖವನ್ನು ಅವರು ಅಷ್ಟು ಹೊತ್ತು ನೋಡಿದ್ದಿಲ್ಲ. ಇರಲಿ, ನಮ್ಮ ದೇಶಕ್ಕೆ ಒಂದು ಮಾರ್ಕು.

ಬಿಸಿನೀರು

"ಇಲ್ಲಿ ನಲ್ಲಿ ತಿರುಗ್ಸಿರೆ ಬಿಸಿನೀರ್. ಸೌದೆ ಇಲ್ಲೆ, ಹೊಗಿ ಇಲ್ಲೆ" ಅನ್ನುತ್ತಿದ್ದರು. ದಿನಾ ಬಚ್ಚಲ ಒಲೆಗೆ ತೆಂಗಿನ ಸೋಗೆ ತುರುಕಿ ಕಣ್ಣು ಕೆಂಪು ಮಾಡಿಕೊಳ್ಳುವ ನನಗೆ ಹೊಟ್ಟೆಯೂ ಉರಿಯುತ್ತಿತ್ತು. ಒಂದು ದಿನ ಅವರ ರೂಮಿನಲ್ಲೇ ಇರುವ ಬೈಂದೂರಿನವರು ಫೋನು ಎತ್ತಿದರು.

"ಅಪ್ಪಯ್ಯ ಎಲ್ಲಿ?"

"ಬಾಲ್ದಿ ಕಾಯ್ತಾ ಕೂತಿದ್ರ್. ಬಿಸಿಲಿಗೆ ಟ್ಯಾಂಕಿನ ನೀರ್ ಕುದಿತ್ತಲೆ ಮಾರಾಯ! ಬೆಳಿಗ್ಗೆ ಹಿಡ್ದಿಟ್ರೆ ಸಂಜಿಗ್ ತಣಿತ್ತ್, ಮತ್ತೆ ಮೀವುದ್."

ಮರುದಿನ ನಾನು ಬಾವಿಕಟ್ಟೆಯ ಮೇಲೆ ಫೋನು ಒರಗಿಸಿ, ಅಪ್ಪಯ್ಯನ ಎದುರಿಗೇ ತಣ್ಣೀರು ಹೊಯ್ದುಕೊಂಡೆ. ಚಂಬಿಗೊಂದು ಸಲ "ಹಾ! ಹಾ!" ಅಂದೆ. ಹಿಂದಿನಿಂದ ಅಮ್ಮ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ಬಂದದ್ದು ನನಗೆ ಕಾಣಲಿಲ್ಲ, ಕುವೈತಿಗೆ ಕಂಡಿತು. ನನಗೆ ಹಿಂದಿನ ದಿನವಷ್ಟೇ ಜ್ವರ ಬಿಟ್ಟಿತ್ತು. ಎರಡು ಬಿತ್ತು.

ಅಪ್ಪಯ್ಯ ಅಲ್ಲಿಂದಲೇ ಕೂಗಿದರು: "ಇನ್ನೊಂದ್ ಹೊಡಿ ಮಾರಾಯ್ತಿ, ಅದ್ ನನ್ನದ್!"

ನಮ್ಮದಲ್ಲದ ಸೋಫಾ

ಪಕ್ಕದ ದೊಡ್ಡ ಮನೆಯವರು ಮುಂಬೈಯಲ್ಲಿ ಹೋಟೆಲ್ ಇಟ್ಟುಕೊಂಡಿದ್ದಾರೆ. ಗುಡಿಸಿ ಒರೆಸಲು ಬೀಗದ ಕೈ ಅಮ್ಮನ ಹತ್ತಿರ. ನಾನು ಒಳಗೆ ಹೋಗಿ ಎ.ಸಿ. ಹಾಕಿ, ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕಾಲ್ ಮಾಡಿದೆ.

"ಅಪ್ಪಯ್ಯ, ಕಾಣಿ, ನಮ್ಮ ಮನೆ ರಿಪೇರಿ ಆಯ್ತ್. ಇನ್ನ್ ಅಲ್ಲಿ ಇಪ್ಪುದ್ ಎಂತಕೆ?"

ಅವರು ಫೋನಿಗೆ ಮುಖ ಹತ್ತಿರ ತಂದು, "ಬಾಗ್ಲ್ ಹತ್ರ ಮೂರ್ನೇ ಟೈಲ್ ಕಾಣ್. ಸೊಟ್ಟ ಇತ್ತಲೆ?" ಅಂದರು.

ನೋಡಿದೆ. ಹೌದು, ಸೊಟ್ಟ.

"ನಾನೇ ಹಾಕಿದ್ದ್. ಅದನ್ನ ಕೂರ್ಸುವ ಹೊತ್ತಿಗೇ ನೀ ಹುಟ್ಟಿದ್ ಸುದ್ದಿ ಬಂತ್. ಕೈ ಜಾರ್ತ್."

ಕಾಲ್ ಮುಗಿದ ಮೇಲೆ ಎ.ಸಿ. ಆರಿಸಿ, ಆ ಟೈಲಿನ ಮೇಲೆ ತುಂಬ ಹೊತ್ತು ಕೂತಿದ್ದೆ. ನಾನು ಹುಟ್ಟಿದ್ದಕ್ಕೆ ಊರಲ್ಲಿ ಎರಡೇ ದಾಖಲೆ: ಪಂಚಾಯ್ತಿಯಲ್ಲಿ ಒಂದು, ಬೇರೆಯವರ ಮನೆಯ ನೆಲದಲ್ಲಿ ಒಂದು.

ಏಳನೇ ಮಾಳಿಗೆಯ ಚಡ್ಡಿ

ಅಪ್ಪಯ್ಯನೂ ಕಡಿಮೆಯವರಲ್ಲ. ಪ್ರತಿ ಶುಕ್ರವಾರ ಅವರ ಬೆನ್ನ ಹಿಂದೆ ನೀಲಿ ಸಮುದ್ರ, ಗಾಜಿನ ಬಿಲ್ಡಿಂಗು. "ಎಷ್ಟ್ ಚಂದದ ಜಾಗದಂಗೆ ಇದ್ರ್ ಕಾಣ್" ಅಂತ ಅಮ್ಮ ಉಣ್ಣುವುದನ್ನೇ ಬಿಡುತ್ತಿದ್ದಳು.

ಒಂದು ಶುಕ್ರವಾರ ನೋಡುತ್ತೇನೆ, ಬಿಲ್ಡಿಂಗಿನ ಏಳನೇ ಮಾಳಿಗೆಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಹಸಿರು ಚಡ್ಡಿ. ಅಷ್ಟರಲ್ಲಿ ಬೈಂದೂರಿನವರು ಸಮುದ್ರದ ಮೇಲೆ ನಡೆದು ಬಂದು, ಚಡ್ಡಿ ತೆಗೆದುಕೊಂಡು ಹೋದರು.

ರೂಮಿನ ಗೋಡೆಗೆ ಅಂಟಿಸಿದ ಚಿತ್ರ ಅದು. ಬೇರೆಯವರ ಸೋಫಾದಲ್ಲಿ ಕೂತವನಿಗೆ ಕೇಳುವ ಮುಖ ಎಲ್ಲಿದೆ?

ಅಮ್ಮನನ್ನು ನೋಡಿದೆ. ಅವಳು ತಟ್ಟೆ ನೋಡುತ್ತ ಹೇಳಿದಳು, "ಸಮುದ್ರದ ಗಾಳಿ ಅಲ್ದಾ, ಬಟ್ಟಿ ಬೇಗ ಒಣಗತ್ತ್."

ಅಪ್ಪಯ್ಯ ಬಂದದ್ದು

ತಿಂಗಳು ಮುಗಿಯಿತು. ಅಪ್ಪಯ್ಯ ಹೇಳದೆ ಕೇಳದೆ ಬಂದೇಬಿಟ್ಟರು. ಹೆಗಲಲ್ಲಿ ಚೀಲ, ಕೈಯಲ್ಲಿ ದಾರಿಯಲ್ಲೇ ಕೊಂಡ ಬಂಗುಡೆ. ಸ್ನಾನಕ್ಕೆ ಹೋದವರು ಬಾವಿಯ ಅರ್ಧ ನೀರು ಖಾಲಿ ಮಾಡಿದರು. ಊಟಕ್ಕೆ ಕೂತೆವು, ಮೂರು ತಟ್ಟೆ, ಮೂರು ಜನ. ಅಪ್ಪಯ್ಯ ಮೊದಲ ತುತ್ತು ಬಾಯಿಗಿಟ್ಟರು. ಅಷ್ಟರಲ್ಲಿ ಅಮ್ಮ ಎದ್ದು ಒಳಗೆ ಓಡಿದಳು. ಉಪ್ಪಿನಕಾಯಿ ಭರಣಿ ತಂದು ಅಪ್ಪಯ್ಯನ ಬೆನ್ನಿಗೆ ಒತ್ತಿ ಇಟ್ಟಳು.

"ಎಂತ ಮಾರಾಯ್ತಿ ಇದ್?"

"ಸುಮ್ನೆ ಕೂಕಣಿ. ಬೀಳ್ತ್ರಿ."

ಇದು ಎಲ್ಲಕ್ಕಿಂತ ನಗೆಯದ್ದು ಅಲ್ಲವಾ? ಯಾರಿಗೆ ಹೇಳಿದರೂ ನಗುತ್ತಾರೆ. ಅದಕ್ಕೇ ಕೊನೆಗೆ ಇಟ್ಟೆ.

ಆದರೆ ಇದೊಂದು ನಾನೇ ಕಟ್ಟಿದ ಕತೆ. ಅಪ್ಪಯ್ಯ ಸಹಿ ಹಾಕಿಯಾಯಿತು, ಇನ್ನೆರಡು ವರ್ಷಕ್ಕೆ. ಉಪ್ಪಿನಕಾಯಿ ಮುಗಿದು ಭರಣಿ ಹಗುರಾದದ್ದರಿಂದ ಅವರು ಊಟದ ಮಧ್ಯೆ ಪದೇ ಪದೇ ಬೀಳುತ್ತಿದ್ದರು. ಮೊನ್ನೆ ಅಮ್ಮ ಅದಕ್ಕೆ ಕಲ್ಲು ತುಂಬಿಸಿದಳು.