ಮಿಶ್ರಿ ಡಬ್ಬಿಗೆ ಒಡ್ಡಿದ ಬಲೆ

ಬೆಳಗಾಗುವ ಮೊದಲೇ ಬಾಳಕ್ಕ ಅಂಗಳ ಗುಡಿಸಿ ನೀರು ಚಿಮುಕಿಸಬೇಕು, ಬಾವಿಯಿಂದ ಕೊಡ ಹೊರಬೇಕು, ಎಮ್ಮೆ ಹಿಂಡಬೇಕು, ಗಂಡನ ಬುತ್ತಿಗೆ ರೊಟ್ಟಿ ಬಡಿಯಬೇಕು, ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಬೇಕು. ಚೀನಾ ಯುದ್ಧ ಮುಗಿದ ಮರುವರ್ಷದ ಮಾತು. ಕಬನೂರಿನಲ್ಲಿ ಮಗ್ಗಗಳಿಗೆ ಕರೆಂಟು ಬಂದಿತ್ತು. ಬಾಳಕ್ಕನ ಕೈಗಳಿಗೆ ಇನ್ನೂ ಬಂದಿರಲಿಲ್ಲ!

ಇಷ್ಟೂ ಸಾಲದೆಂದು ಅವಳು ಇನ್ನೊಂದು ಮಹಾಕಾರ್ಯ ಹಚ್ಚಿಕೊಂಡಿದ್ದಳು: ಗಂಡನ ಬೀಡಿ ಬಿಡಿಸುವುದು.

ಅಲ್ಲಪ್ಪ ಕೆಮ್ಮಿದರೆ ಪಕ್ಕದ ಮನೆಯ ಕೂಸು ಎದ್ದು ಅಳುತ್ತಿತ್ತು. ಇಚಲಕರಂಜಿಯ ಡಾಕ್ಟರು ಅವನ ಎದೆಗೆ ನಳಿಕೆ ಇಟ್ಟು ಕೇಳಿ, "ತಂಬಾಕು ವಿಷ ಐತಿ ನೋಡಪಾ. ಬಿಡಲಿಲ್ಲ ಅಂದ್ರ ಎದಿ ಒಳಗೆಲ್ಲಾ ಕರಕಲ ಆಗ್ತೈತಿ" ಅಂದಿದ್ದರು. ಬಾಳಕ್ಕ ಅದನ್ನು ಮಂತ್ರದಂತೆ ಕಲಿತು, ರೊಟ್ಟಿಗೊಮ್ಮೆ ಜಪಿಸಿದಳು.

"ತಂಬಾಕು ವಿಷ ಐತಿ! ನಿಮ್ಮ ಎದಿ ಸುಡಾಕತ್ತೈತಿ, ಕಿಡಿ ಸಿಡಿದು ನನ್ನ ಸೆರಗು ಜರಡಿ ಆಗೇತಿ!"

ಯುಗಾದಿಯ ದಿನ ಅಲ್ಲಪ್ಪ ಸೋತು, ಬೀಡಿಕಟ್ಟನ್ನು ಒಲೆಗೆ ಹಾಕಿದ. ಬಾಳಕ್ಕ ಓಣಿಯಲ್ಲೆಲ್ಲಾ ಡಂಗುರ ಸಾರಿದಳು: "ನಮ್ಮವ್ರದು ಬಿಡಿಸಿದೆ. ನಿಮ್ಮವ್ರನ್ನೂ ಕಳಸ್ರಿ, ಬಿಡಸ್ತೇನಿ!"

ಅಲ್ಲಪ್ಪನ ಕೆಮ್ಮು ಇಳಿಯಿತು. ಅದೇ ಹೊತ್ತಿಗೆ ಬಾಳಕ್ಕನ ಮಿಶ್ರಿ ಡಬ್ಬಿಯೂ ಇಳಿಯತೊಡಗಿತು!

ಮಿಶ್ರಿ ಎಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಆ ಸೀಮೆಯ ಹೆಂಗಸರು ಅದನ್ನು ಬೆರಳಿಗೆ ಹಚ್ಚಿ ಹಲ್ಲಿಗೆ, ಒಸಡಿಗೆ ತಿಕ್ಕುತ್ತಾರೆ. ಅದಕ್ಕೆ ಯಾರೂ ಚಟ ಅನ್ನುವುದಿಲ್ಲ, ಹಲ್ಲು ತಿಕ್ಕುವುದು ಅನ್ನುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮತ್ತೆ ಮಲಗುವಾಗ. ಅಷ್ಟು ಶುಚಿ!

ಹಾಗಾದರೆ ಕದಿಯುವವರು ಯಾರು? ಬಾಳಕ್ಕನಿಗೆ ತಲೆಯಲ್ಲಿ ಹುಳ ಹೊಕ್ಕಂತಾಯಿತು. ಅತ್ತೆ ಗೌರವ್ವನನ್ನು ಮೆಲ್ಲಗೆ ಕೇಳಿದಳು.

"ಅತ್ತಿ, ನನ್ನ ಡಬ್ಬ್ಯಾಗಿಂದ ಮಿಶ್ರಿ ತಗೊಂಡ್ರೇನ್ರಿ?"

"ನನ್ನ ಬಾಯಾಗ ಹಲ್ಲ ಎಲ್ಲಿ ಅದಾವ, ಹುಚ್ಚಿ!"

ಬಾಳಕ್ಕ ಬಲೆ ಒಡ್ಡಿದಳು. ಲವಂಗಿ ಮೆಣಸಿನಕಾಯಿ ಕುಟ್ಟಿ, ವಸ್ತ್ರಗಾಳಿತ ಮಾಡಿ, ಡಬ್ಬಿಯ ಮಿಶ್ರಿಗೆ ಬೆರೆಸಿಟ್ಟಳು. ನಾಳೆ ಯಾರು ಕುಣಿಯುತ್ತಾರೋ ಅವರೇ ಕಳ್ಳರು!

ಮರುದಿನ ನಸುಕಿನಲ್ಲಿ ಕಣ್ಣು ತೆರೆಯುವ ಮೊದಲೇ ಅವಳ ಬೆರಳು ಡಬ್ಬಿ ತೆರೆದಿತ್ತು. ಎಡ ಒಸಡಿನಲ್ಲಿ ಒಂದು ಹುಣ್ಣಾಗಿ, ಬಹಳ ದಿನದಿಂದ ರೊಟ್ಟಿಯನ್ನು ಬಲಗಡೆಯೇ ಅಗಿಯುತ್ತಿದ್ದಳು. ಬೆರಳು ಸೀದಾ ಆ ಹುಣ್ಣಿಗೇ ಹೋಯಿತು.

"ಅಯ್ಯಯ್ಯೋ, ಸತ್ತೆನವ್ವೋ!"

ಕೊಡ ಉರುಳಿತು. ಎಮ್ಮೆ ಗೂಟ ಕಿತ್ತಿತು. ಅಲ್ಲಪ್ಪ ಕಂದೀಲು ಹಿಡಿದು ಓಡಿಬಂದ. "ಏನಾತ?"

"ಖಾರಾ... ಡಬ್ಬ್ಯಾಗ..."

ಅಲ್ಲಪ್ಪ ಡಬ್ಬಿ ಮೂಸಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡ. "ಶಿವನ! ಪುಣ್ಯಾಕ್ಕ ನಾ ಇನ್ನೂ ತಿಕ್ಕಿದ್ದಿಲ್ಲ!"

ಒಳಗಿನ ಹಾಸಿಗೆಯಿಂದ ಗೌರವ್ವ ಕೂಗಿದಳು: "ನಾನೂ ತಿಕ್ಕಿದ್ದಿಲ್ಲಪಾ!"

ನಾಲಗೆಗೆ ಬೆಂಕಿ ಬಿದ್ದಿದ್ದರೂ ಬಾಳಕ್ಕ ಬಿಡಲಿಲ್ಲ. "ನೀವಾ? ಬಿಟ್ಟೇನಿ ಅಂದವ್ರು?"

"ಬೀಡಿ ಬಿಟ್ಟೇನಿ. ಇದು ಹಲ್ಲ ತಿಕ್ಕೂದು, ನೀನ ಹೇಳ್ತಿದ್ದಿ."

"ಡಾಕ್ಟರ ಏನಂದಾರ? ತಂಬಾಕು..." ಮಂತ್ರ ಅರ್ಧಕ್ಕೇ ನಿಂತುಬಿಟ್ಟಿತು.

"ಹೇಳ, ಪೂರಾ ಹೇಳ! ವಿಷಕ್ಕ ಗಂಡಸು ಯಾರು, ಹೆಂಗಸು ಯಾರು ಅಂತ ಗೊತ್ತಾಗ್ತೈತೇನ?" ನಗುತ್ತಲೇ ಅವನು ಕಂದೀಲು ಎತ್ತಿ ಅವಳ ಬಾಯೊಳಗೆ ಇಣುಕಿದ. ನಗು ಆರಿತು. "ಇದೇನ ಬಾಳಾ, ಇಷ್ಟ ದೊಡ್ಡ ಹುಣ್ಣ? ನಾಳೆ ಡಾಕ್ಟರ ಕಡೆ ಹೋಗೂಣು. ನೀ ಬಿಟ್ರ ನಾನೂ ಬಿಡ್ತೇನಿ. ಇಲ್ಲಾಂದ್ರ ಇಬ್ಬರದೂ ಒಂದ ಡಬ್ಬಿ, ನೋಡ."

ಅವನು ಬುತ್ತಿ ಕಟ್ಟಿಸಿಕೊಂಡು ಮಗ್ಗಕ್ಕೆ ಹೋದ. ಮಧ್ಯಾಹ್ನ ಕಂಡಿಕೆ ಮುಗಿಸಿ ಬಾಳಕ್ಕ ಡಬ್ಬಿಯೊಂದಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ತಂಬಾಕು ಬಿಟ್ಟರೆ ತಲೆ ನೋಯುತ್ತದೆ, ನೋಯಲಿ. ಅವಳ ಚಿಂತೆ ಬೇರೆ. ಗಂಡ ಬೀಡಿ ಬಿಟ್ಟ, ಆದರೆ ಬೀಡಿ ಸೇದುತ್ತಾ ಕೂಡುತ್ತಿದ್ದ ಕಟ್ಟೆಯಿಂದ ಅವನನ್ನು ಯಾರೂ ಎಬ್ಬಿಸಲಿಲ್ಲ. ತನಗೆ? ಇಡೀ ದಿನದಲ್ಲಿ ಅವಳು ಬರಿದೆ ಕೂಡುವುದು ಮಿಶ್ರಿ ಹಚ್ಚಿದಾಗ ಮಾತ್ರ. ಬಾಯಿ ತುಂಬಿದವಳನ್ನು ಯಾರೂ ಮಾತಾಡಿಸುವುದಿಲ್ಲ, ಕೆಲಸ ಹೇಳುವುದಿಲ್ಲ. ಮಿಶ್ರಿ ಹೋದರೆ ಈ ಮೆಟ್ಟಿಲೂ ಹೋಯಿತು.

ಎದ್ದಳು. ಡಬ್ಬಿಯನ್ನು ತಿಪ್ಪೆಗೆ ಕೊಡವಿದಳು. ಒಳಗೆ ಹೋಗಿ ತಂಬಿಗೆ ನೀರಿಗೆ ಉಪ್ಪು ಹಾಕಿ, ಬಾಯಿ ತುಂಬ ತುಂಬಿಕೊಂಡು, ಬಂದು ಅದೇ ಮೆಟ್ಟಿಲ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು.

"ಬಾಳಾ! ಏ ಬಾಳಾ! ಜ್ವಾಳಾ ಹಸನ ಮಾಡೂದೈತಿ. ಏನ ಮಾಡಾಕತ್ತಿ, ಮಿಶ್ರಿ ಹಚ್ಚೀಯೇನ?" ಅತ್ತೆ ಒಳಗಿನಿಂದ ಕೂಗಿದಳು.

ಬಾಳಕ್ಕ ಕೆನ್ನೆ ಉಬ್ಬಿಸಿ, ನಗು ಹೊರಗೆ ಚೆಲ್ಲದಂತೆ ತುಟಿ ಬಿಗಿದು, ಮೂಗಿನಲ್ಲೇ ಅಂದಳು: "ಹ್ಞೂಂ."