ಬಳೆ ನನ್ನದು, ಹಕ್ಕು ಪಕ್ಕದ ಮನೆಯದು

ಹೆಂಡತಿಯ ಬಳೆಗಳಿಂದ ತಿಂಗಳ ಸಂಬಳ ದುಡಿಸಿದ ಗಂಡಸು ಇಡೀ ದೋಹಾದಲ್ಲಿ ನಮ್ಮವರೊಬ್ಬರೇ ಇರಬೇಕು. ಅದೂ ಬಳೆಗಳು ನನ್ನ ಕೈಯಲ್ಲೇ ಇರುವಾಗ!

ತೊಂಬತ್ತರ ದಶಕದ ಮಾತು. ನಾವು ದೋಹಾದ ಅಂಚಿನ ಐನ್ ಖಾಲಿದ್‌ನಲ್ಲಿದ್ದೆವು. ಇವರು ಗುಮಾಸ್ತರು, ಮದುವೆಗೆ ಮುಂಚೆ ಬೊಂಬಾಯಿಯಲ್ಲಿ ಕೊಂಡ ಒಂದಿಷ್ಟು ಶೇರುಗಳ ಫೈಲೇ ಇವರ ಪ್ರಾಣ. ಊರಿನ ಪೇಪರ್ ವಾರ ತಡವಾಗಿ ಬಂದರೂ ಮೊದಲು ಓದುವುದು ಶೇರಿನ ಪುಟ. ಒಂದು ದಿನ ಆಫೀಸಿನ ಇಂಗ್ಲಿಷ್ ಸಾಹೇಬ ‘ಕವರ್ಡ್ ಕಾಲ್ ಫಂಡ್’ ಎಂದು ಏನನ್ನೋ ಇವರ ಕಿವಿಗೆ ಹಾಕಿದ.

“ಶೇರು ಮಾರುವುದಲ್ಲ ಮಾರಾಯ್ತಿ. ಇಂತಿಷ್ಟು ಬೆಲೆಗೆ ಕೊಳ್ಳುವ ಹಕ್ಕು ಮಾತ್ರ ಮಾರುವುದು. ಶೇರು ನಮ್ಮಲ್ಲೇ, ತಿಂಗಳು ತಿಂಗಳು ಆದಾಯ.”

“ಅವರು ಕೊಳ್ಳುತ್ತೇನೆ ಅಂದರೆ?”

“ಕೊಟ್ಟರಾಯ್ತು.”

“ಹಾಗಾದರೆ ಮಾರಿದ ಹಾಗೇ ಅಲ್ವಾ?”

“ಅಲ್ಲ. ಒಂದು ಲೆಕ್ಕದಲ್ಲಿ ಹೌದು.”

ನಿಮಗೇನಾದರೂ ಅರ್ಥವಾಯಿತೆ? ಊರಿನ ಶೇರಿಗೆ ಈ ಆಟ ನಡೆಯದೆಂದು ತಿಳಿದಾಗ ಇವರ ಕಣ್ಣು ಅಮ್ಮ ಕೊಟ್ಟ ನನ್ನ ನಾಲ್ಕು ಬಳೆಗಳ ಮೇಲೆ ಬಿತ್ತು. ತಿಂಗಳ ಕೊನೆಯೊಳಗೆ ಅವನ್ನು ಎರಡು ಸಾವಿರದ ಇನ್ನೂರು ರಿಯಾಲಿಗೆ ಕೊಳ್ಳುವ ಹಕ್ಕನ್ನು ಪಕ್ಕದ ಮನೆಯ ಅಕ್ಕನಿಗೆ ನಲವತ್ತು ರಿಯಾಲಿಗೆ ಮಾರಿಬಿಟ್ಟರು! “ಚಿನ್ನ ಅಷ್ಟು ಏರುವುದಿಲ್ಲ. ಏರದಿದ್ದರೆ ಅವರು ಯಾಕೆ ಕೊಳ್ಳುತ್ತಾರೆ? ಖಲಾಸ್, ನಲವತ್ತು ನಮ್ಮದು” ಎಂದು, ಆ ದುಡ್ಡಲ್ಲೇ ಊರಿಗೆ ಫೋನ್ ಹಚ್ಚಿ ಅಮ್ಮನೊಡನೆ ಮಾತಾಡಿಸಿದರು. ನಾನು ಜಗಳ ಆಡಲಿಲ್ಲ.

ಅಂದಿನಿಂದ ಅಕ್ಕ ದಿನಾ ಬರತೊಡಗಿದರು. ಮೊದಲು ನನ್ನ ಕೈ ನೋಡಿ ಆಮೇಲೆ ಮುಖ ನೋಡುವರು. “ಪಾತ್ರೆ ತಿಕ್ಕುವಾಗ ತೆಗೆದಿಡು, ಸವೆಯುತ್ತದೆ” ಎಂಬ ಬುದ್ಧಿಮಾತು ಬೇರೆ. ಬಳೆ ಯಾರದೆಂದು ನನಗೇ ಗೊಂದಲ.

ತಿಂಗಳು ತಿಂಗಳು ಅದೇ ಹಕ್ಕು ಮತ್ತೆ ಅಕ್ಕನಿಗೇ ಮಾರಾಟ. ಮೂರು ತಿಂಗಳು, ಮೂರು ಫೋನು. ನಾಲ್ಕನೆಯ ತಿಂಗಳು ಚಿನ್ನ ಆ ಬೆಲೆಯನ್ನೂ ಮೀರಿ ಏರಿತು. ಅಕ್ಕ ಹಣ ಹಿಡಿದೇ ಬಂದರು. ನಾನು ಸೋಪು ಹಚ್ಚಿ ಬಳೆ ಎಳೆಯುತ್ತಿದ್ದೆ. ಬಳೆ ಬರಲಿಲ್ಲ, ಅಳು ಬಂತು. ಇವರು ನೋಡಿದರು. “ನಾಳೆ ಕೊಡುತ್ತೇನೆ ಅಕ್ಕ” ಎಂದರು.

ಮರುದಿನ ಚಿನ್ನದ ಪೇಟೆಯಾದ ಸೂಕ್‌ನಿಂದ ಹೊಸ ಬಳೆ ತಂದು ಅಕ್ಕನಿಗೆ ಕೊಟ್ಟರು.

“ಇದು ಅದಲ್ಲವಲ್ಲ?”

“ತೂಕ ಅದೇ ಅಕ್ಕ.”

ಅಕ್ಕ ಕೊಟ್ಟದ್ದರ ಮೇಲಿನ ದುಡ್ಡು ಎಲ್ಲಿಂದ ಬಂತೆಂದು ಕೇಳಿದೆ. “ಊಟ ಬಡಿಸು” ಎಂದರು.

ಶುಕ್ರವಾರ ಊರಿನ ಪೇಪರ್ ಬಂತು. ಬಂಗುಡೆ ಮೀನು ಶುಚಿ ಮಾಡಲು ಕೂತಿದ್ದ ನನ್ನ ಮುಂದೆ ಇವರು ಶೇರಿನ ಪುಟ ಹಾಸಿದರು.

“ಓದುವುದಿಲ್ವಾ?”

“ಇನ್ನು ಎಂತದ್ದು ಓದುವುದು? ಫೈಲು ಆಫೀಸಿನ ದೋಸ್ತನಿಗೆ ಮಾರಿಯಾಯ್ತು.”

ಕವರ್ಡ್ ಕಾಲ್ ನನಗೆ ಇಂದಿಗೂ ಅರ್ಥವಾಗಿಲ್ಲ. ಅಂದು ಮಾತ್ರ ಅತ್ತುಬಿಟ್ಟೆ, ಮೀನಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

“ಕೈ ತೊಳೆದು ಬಾ ಮಾರಾಯ್ತಿ,” ಎಂದರು, “ಅಮ್ಮನಿಗೆ ಫೋನ್ ಹಚ್ಚುತ್ತೇನೆ.”