ಟಿಕೀಟ ಮಾಸ್ತರರ ಅಳತೆಯ ಕೋಟು

ಅಂಗಿಯ ಕೊರಳಪಟ್ಟಿಯಲ್ಲಿ ಹೊಲಿದಿರುವ ನಂಬರನ್ನು ನೀವು ನಂಬುತ್ತೀರಾ? ಹಾಗಿದ್ದರೆ ನಮ್ಮ ಕಾಕಾನ ಕಣ್ಣಿಗೆ ಬೀಳದಿರುವುದೇ ಕ್ಷೇಮ! ಕಾಕಾ ಎಂದರೆ ಅಪ್ಪನ ತಮ್ಮ. ಎಪ್ಪತ್ತರ ದಶಕದ ಕೊನೆಗೆ ಸವಣೂರು, ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳ ಸಂತೆಯಲ್ಲಿ ರೆಡಿಮೇಡ್ ಅಂಗಿ ಮಾರುತ್ತಿದ್ದ. ಅವನ ಗಂಟಿನಲ್ಲಿ ಮೂವತ್ತೆಂಟು ನಂಬರಿನ ಒಂದು ಅಂಗಿ ಮೊಣಕಾಲಿಗೆ ಬರುತ್ತಿತ್ತು. ಅದೇ ನಂಬರಿನ ಇನ್ನೊಂದಕ್ಕೆ ಗುಂಡಿಯೇ ಕೂಡುತ್ತಿರಲಿಲ್ಲ.

"ಮುಂಬೈದಾಗ ಅಂಗಿ ಹೊಲ್ಯಾಂವ ನಮ್ಮ ಮಂದೀನ ನೋಡ್ಯಾನೇನು?" ಎಂದು ಗುಡುಗಿದ ಕಾಕಾ ತನ್ನದೇ ಪದ್ಧತಿ ಶುರು ಮಾಡಿದ. ಊರಿನ ಜನರೇ ಅವನ ನಂಬರು! ತೆಳ್ಳಗಿದ್ದವರಿಗೆ 'ಪೋಸ್ಟಮನ್ನನ ಅಳತಿ'. ಎದೆ ಅಗಲವಿದ್ದರೆ 'ಖಾರದಂಗಡಿ ಮಾಮಾನ ಅಳತಿ'. ಕುಳ್ಳಗೆ ದುಂಡಗಿದ್ದರೆ 'ಎಲಿ ತೋಟದ ಗೌಡ್ರ ಅಳತಿ'.

"ನನಗ ಗೌಡ್ರ ಹೊಟ್ಟಿ ಐತೇನೋ?" ಎಂದು ಯಾರಾದರೂ ಸಿಟ್ಟಾದರೆ, "ಹಾಕ್ಕೊಂಡ ನೋಡ್ರಿ ಮಾವಾರ, ಆಮ್ಯಾಲೆ ಬೈರಿ!" ಎನ್ನುತ್ತಿದ್ದ. ಬೈಯುವ ಪ್ರಸಂಗ ಬರುತ್ತಿರಲಿಲ್ಲ. ಒಮ್ಮೆ ಸ್ವತಃ ಗೌಡರೇ ಅಂಗಿ ಕೇಳಿಕೊಂಡು ಬಂದರು. "ನಿಮ್ಮ ಅಳತಿ ಖಾಲಿ ಆಗೇತ್ರಿ ಗೌಡ್ರ, ಹಿರೇಕೆರೂರ ಸಂತ್ಯಾಗ ಎಲ್ಲಾ ಹೋದ್ವು!"

ತೀರಿಹೋಗಿದ್ದ ನಮ್ಮ ಅಪ್ಪನ ಅಳತೆಯೊಂದು ಮಾತ್ರ ಕಾಕಾನ ಬಾಯಲ್ಲಿ ಬರುತ್ತಿರಲಿಲ್ಲ. ನಾವೂ ಕೇಳಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ವರ ಚಿಕ್ಕೇರೂರಿನವರು. ಅವರಿಗೆ ನಮ್ಮ ಕಡೆಯಿಂದ ಕೋಟು. ಅದು ಕೆಟ್ಟರೆ ಬೀಗರೆದುರು ಅವ್ವ ತಲೆ ಎತ್ತುವ ಹಾಗಿಲ್ಲ! ಕಾಕಾ ಚಿಕ್ಕೇರೂರಿಗೆ ಹೋದ, ವರನನ್ನು ನೋಡಿದ, ಬಂದ. ಟೇಪು ಕಿಸೆಯಿಂದ ಹೊರಬಿದ್ದಿರಲೇ ಇಲ್ಲ!

"ಅಳತಿ ತಂದ್ಯೇನು?" ಎಂದಳು ಅವ್ವ.

ಕಾಕಾ ಯಾಕೋ ತಡವರಿಸಿದ. "ಯಲವಿಗಿ ಸ್ಟೇಶನ್ನಿನ ಟಿಕೀಟ ಮಾಸ್ತರು ಅದಾರಲ್ಲ ಅತ್ತಿಗಿ, ಅವರದ."

ಸರಿ, ಸವಣೂರಿನ ದರ್ಜಿ ಸಾಹೇಬರು ಮಾಸ್ತರರನ್ನೇ ಕರೆಸಿ, ವರನ ಬದಲು ನಿಲ್ಲಿಸಿ, ಟೇಪು ಹಿಡಿದರು. ಧಾರೆ ಎರೆಯಬೇಕಾದವನು ತಾನೇ ಎಂದು ಕಾಕಾ ಅದೇ ಬಟ್ಟೆಯಲ್ಲಿ ಇನ್ನೊಂದು ಕೋಟನ್ನೂ ಹೊಲಿಸಿದ.

ಮದುವೆಯ ದಿನ ನೋಡಬೇಕಿತ್ತು! ಕಾಕಾನ ಕೋಟು ಗೂಟಕ್ಕೆ ನೇತುಹಾಕಿದಂತೆ ಜೋತಾಡುತ್ತಿತ್ತು. ವರನ ಕೋಟಿನ ಗುಂಡಿ ಕೂಡಲೊಲ್ಲದು! ಟಿಕೀಟ ಮಾಸ್ತರರು ಕಾಮಾಲೆ ಹಿಡಿದು ಅರ್ಧಕ್ಕರ್ಧ ಇಳಿದಿದ್ದು ಸಂತೆ ಸುತ್ತುವ ಕಾಕಾನಿಗೆ ಅವತ್ತಿನವರೆಗೂ ಗೊತ್ತೇ ಇರಲಿಲ್ಲ.

"ಏನ್ರೀ ಬೀಗರ, ಅಂಗಿ ಮಾರೋ ಮನ್ಯಾಗ ಅಳಿಯಾನ ಅಳತಿ ಸಿಗಲಿಲ್ಲೇನ್ರಿ?" ಎಂದರು ವರನ ಸೋದರಮಾವ. ಅವ್ವನ ಮುಖ ಬಿಳಿಚಿತು.

"ತಪ್ಪು ಕೋಟಿಂದಲ್ರಿ, ಮಾಸ್ತರ ಹೊಟ್ಟೀದು!" ಎನ್ನುತ್ತ ಕಾಕಾ ತನ್ನ ಕೋಟು ಬಿಚ್ಚಿ ವರನಿಗೆ ತೊಡಿಸಿದ. ಭುಜ, ಎದೆ, ತೋಳು, ಎಲ್ಲ ಎರಕ ಹೊಯ್ದಂತೆ! ಸೋದರಮಾವನೇ "ಭಾರಿ ಆತ್ರಿ!" ಎಂದು ನಕ್ಕರು. ವರ ಬಿಚ್ಚಿದ ಕೋಟನ್ನು ಕಾಕಾ ಏರಿಸಿಕೊಂಡ.

ಅಕ್ಕ ಮಾತ್ರ ನಗಲಿಲ್ಲ. "ಕಾಕಾ, ಖರೇ ಹೇಳು. ನೀ ಬಿಚ್ಚಿ ಕೊಟ್ಟ ಕೋಟು ಯಾರ ಅಳತಿ?"

ಕಾಕಾ ಅವಳ ಬಾಸಿಂಗ ಸರಿಪಡಿಸುತ್ತ ನಿಂತ. "ನಮ್ಮಣ್ಣಂದವ್ವಾ, ನಿಮ್ಮಪ್ಪಂದು. ಇವತ್ತ ನಿನ್ನ ಧಾರಿ ಎರ್ಯಾಕ ಅವ ನಿಂದರಬೇಕಿತ್ತಲ್ಲ, ಅದಕ್ಕ ಅವನ ಹಳೇ ಅಂಗಿ ಕೊಟ್ಟು ಹೊಲಿಸಿದ್ದೆ. ಹುಡುಗನ್ನ ನೋಡಿದ ಕೂಡ್ಲೆ ಅಣ್ಣನ ಅಳತೀನ ಅಂತ ಗೊತ್ತಾಗಿತ್ತು... ಹೇಳಾಕ ಬಾಯಿ ಬರಲಿಲ್ಲ."

ಕಾಕಾ ತನ್ನ ಕೋಟಿಗೆ ಹಾಕಲು ಮರೆತಿದ್ದ ಗುಂಡಿಗಳನ್ನು ಅಕ್ಕ ಒಂದೊಂದಾಗಿ ಹಾಕಿದಳು.